ಕನ್ನಡಿ ಮೇಸ್ತ್ರಿಯ ಹದಿನಾರು ತೂತುಗಳು

ಗೋಡೆಯಲ್ಲಿ ತೂತು ಕಂಡರೆ ಮೇಸ್ತ್ರಿಗೆ ಮೈ ಉರಿಯುತ್ತಿತ್ತು. ಇದು ಬರೀ ಮಾತಿಗೆ ಹೇಳುವುದಲ್ಲ. ನೆಂಟರ ಮನೆಯಲ್ಲಿ ಕೂಸು ಹುಟ್ಟಿದೆ ಎಂದು ನೋಡಲು ಹೋದರೆ ಬಂದವರೆಲ್ಲ ಕೂಸಿನ ಮುಖ ನೋಡುತ್ತಿದ್ದರು, ಇವರು ತೊಟ್ಟಿಲ ಹಿಂದಿನ ಗೋಡೆ ನೋಡುತ್ತಿದ್ದರು. ಒಮ್ಮೆ ಹೊಟ್ಟೆಯ ಆಪರೇಷನ್ ಆಗಿ ಎಚ್ಚರ ಬಂದಾಗ ಅವರ ಬಾಯಿಂದ ಬಂದ ಮೊದಲ ಮಾತು, "ಆ ಮೂಲೇಲಿ ಗಾರೆ ಉಬ್ಬಿದೆ, ಯಾರು ಮಾಡಿದ್ದು?" ಎಂದು. ಗಾಬರಿಯಾದ ನರ್ಸಿಗೆ ಹೆಂಡತಿಯೇ ಸಮಾಧಾನ ಹೇಳಬೇಕಾಯಿತು. "ಹೆದರ್ಬೇಡಿ, ಪ್ರಜ್ಞೆ ಸರಿಯಾಗೇ ಬಂದಿದೆ."

ನಲವತ್ತು ವರ್ಷ ಅವರು ಮಾಡಿದ್ದು ಗಾರೆ ಕೆಲಸ ಒಂದೇ. ಇಟ್ಟಿಗೆ ಕಟ್ಟುವವರು ಬೇರೆ, ಬಣ್ಣ ಬಳಿಯುವವರು ಬೇರೆ, ನಡುವೆ ಗೋಡೆಗೆ ಚರ್ಮ ಹೊದಿಸುವವರು ಇವರು. ಕೊನೆಗೆ ತೆಳುವಾಗಿ ಸಿಮೆಂಟಿನ ಹಾಲು ಸವರಿ, ಕರಣೆಯ ಬೆನ್ನಿನಿಂದ ಉಜ್ಜಿ ಉಜ್ಜಿ, ಕಿಟಕಿಯ ಬೆಳಕು ಗೋಡೆಯ ಮೇಲೆ ಹೊಳೆಯುವ ತನಕ ಕೈ ಬಿಡುತ್ತಿರಲಿಲ್ಲ. ಆ ನುಣುಪಿಗೇ ಜನ ಅವರನ್ನು ಕನ್ನಡಿ ಮೇಸ್ತ್ರಿ ಎಂದು ಕರೆದದ್ದು. ಕೋಪವೂ ಹಾಗೇ, ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ "ಇದು ಬರೀ ಉಗ್ರಾಣ ಮೇಸ್ತ್ರಿ, ಹೇಗೋ ಒಂದು ಬಳಿದ್ಬಿಡಿ" ಎಂದರೆ ಮುಗಿಯಿತು, ಕರಣೆಯನ್ನು ಬಕೆಟ್ಟಿಗೆ ಎಸೆದು ಕೂತುಬಿಡುತ್ತಿದ್ದರು. "ಹೇಗೋ ಒಂದು ಮಾಡೋರು ಊರಲ್ಲಿ ಬೇಕಾದಷ್ಟು ಜನ ಇದಾರೆ, ಅವರನ್ನ ಕರೀರಿ." ಅವರ ಲೆಕ್ಕದಲ್ಲಿ ಉಗ್ರಾಣವೂ ಒಂದೇ, ದಿವಾನಖಾನೆಯೂ ಒಂದೇ.

ಮನೆ ಇದ್ದದ್ದು ಒಂದು ಬೀಗದಂಗಡಿಯ ಮೇಲೆ, ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ದೊಡ್ಡದಾದ ಬಟ್ಟೆಯನ್ನು ಚಿಕ್ಕದು ಮಾಡುವುದು, ಚಿಕ್ಕದಾದದ್ದನ್ನು ಬಿಚ್ಚಿ ದೊಡ್ಡದು ಮಾಡುವುದು ಅವಳ ಕಸುಬು. ಗಂಡನ ಹೆಮ್ಮೆಯನ್ನು ಆಗಾಗ ಒಂದಿಂಚು ಬಿಗಿ ಮಾಡುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಳು.

ಅರವತ್ತೆರಡನೆಯ ವರ್ಷದಲ್ಲಿ ಅವರಿಗೆ ಒಂದು ಹಳೆ ಶಾಲೆಯ ಹಿಂಗೋಡೆಯ ಕೆಲಸ ಸಿಕ್ಕಿತು. ಸೂರಿನ ಕೆಳಗೆ ಇಟ್ಟಿಗೆ ಉದುರಿ ತೂತುಗಳಾಗಿದ್ದವು. ಮೇಸ್ತ್ರಿ ಮೊದಲು ಅವುಗಳನ್ನು ಮುಚ್ಚಿದರು, ಮಾರನೆಯ ದಿನ ಮೇಲೆ ಗಾರೆ ಎಳೆದರು. ಸಂಜೆ ಐದರ ಹೊತ್ತಿಗೆ ಸಾರುವೆಯ ಮೇಲೆ ನಿಂತು ಕೊನೆಯ ಕೈ ಉಜ್ಜುತ್ತಿದ್ದಾಗ ಕಿವಿಯ ಪಕ್ಕದಲ್ಲೇ ಏನೋ ಸುಯ್ಯೆಂದು ಹೋಯಿತು. ಕಪ್ಪು ಹಕ್ಕಿ, ಕುಡುಗೋಲಿನಂತೆ ಬಾಗಿದ ರೆಕ್ಕೆ. ನೇರ ಬಂದು ಗೋಡೆಗೆ ಬಡಿಯಿತು. ಜಾರಿ ಕೆಳಗೆ ಬಿದ್ದಂತಾಗಿ, ಮತ್ತೆ ಗಾಳಿಗೆ ಏರಿ, ಶಾಲೆಯ ಸುತ್ತ ಒಂದು ಸುತ್ತು ಹೋಗಿ ಬಂದು ಅದೇ ಜಾಗಕ್ಕೆ ಬಡಿಯಿತು. ಮೂರನೆಯ ಸಲ, ನಾಲ್ಕನೆಯ ಸಲ. ಹಸಿ ಗಾರೆಯ ಮೇಲೆ ಉಗುರಿನ ಸಣ್ಣ ಗೀರುಗಳು ಮೂಡಿದವು. ಮೇಸ್ತ್ರಿ ಬೈದುಕೊಂಡು ಅದನ್ನು ಉಜ್ಜಿ ಅಳಿಸಿದರು. ಹಕ್ಕಿ ಮತ್ತೆ ಬಂತು.

ಕೆಳಗೆ ಒಬ್ಬ ಹೆಂಗಸು ಕತ್ತೆತ್ತಿ ನಿಂತಿದ್ದರು, ಕೈಯಲ್ಲೊಂದು ನೋಟ್‌ಬುಕ್ಕು. ಅದೇ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ಟೀಚರ್.

"ಟೀಚರೇ, ಈ ಹಕ್ಕಿಗೆ ಹುಚ್ಚು ಹಿಡಿದಿದೆ" ಎಂದು ಮೇಸ್ತ್ರಿ ಮೇಲಿಂದ ಕೂಗಿದರು. "ಬಂದು ಬಂದು ಗೋಡೆಗೆ ಹೊಡ್ಕೊಳ್ತಿದೆ ನೋಡಿ."

"ಹುಚ್ಚಲ್ಲ ಮೇಸ್ತ್ರಿಗಳೇ. ನೀವು ನಿನ್ನೆ ಮುಚ್ಚಿದ್ರಲ್ಲ, ಅದು ಅದರ ಮನೆ ಬಾಗಿಲು. ಹೋದ ವರ್ಷ ಇಲ್ಲಿಂದ ಹೋಗಿದ್ದು, ಇವತ್ತು ವಾಪಸ್ ಬಂದಿದೆ. ಹತ್ತು ತಿಂಗಳಾಯ್ತು ಅದು ಕಾಲೂರಿ."

"ಕಾಲೂರಿ ಅಂದ್ರೆ?"

"ಕಾಲೂರಿ ಅಂದ್ರೆ ಕಾಲೂರಿ. ಮರದ ಮೇಲೆ ಕೂರಲ್ಲ, ತಂತಿ ಮೇಲೆ ಕೂರಲ್ಲ, ನೆಲಕ್ಕೆ ಇಳಿಯಲ್ಲ. ಊಟ, ನೀರು, ನಿದ್ದೆ ಎಲ್ಲಾ ಗಾಳೀಲೇ. ಈ ಭೂಮಿ ಮೇಲೆ ಅದು ಕಾಲಿಡೋದು ಒಂದೇ ಜಾಗದಲ್ಲಿ, ತನ್ನ ಗೂಡಲ್ಲಿ."

ಮೇಸ್ತ್ರಿ ಉತ್ತರ ಕೊಟ್ಟದ್ದು ಒರಟಾಗಿಯೇ. "ನಾನು ಹೇಳಿದ ಕೆಲಸ ಮಾಡೋನು. ಹಕ್ಕೀನ ಕೇಳ್ಕೊಂಡು ಗಾರೆ ಹಾಕೋಕಾಗುತ್ತಾ?" ಎಂದು ಬೆನ್ನು ತಿರುಗಿಸಿದರು. ಆದರೆ ಆ ರಾತ್ರಿ ಅನ್ನದ ತಟ್ಟೆಯ ಮುಂದೆ ಕೂತವರಿಗೆ ತುತ್ತು ಇಳಿಯಲಿಲ್ಲ. ಹತ್ತು ತಿಂಗಳು! ಇವರು ಎರಡು ಗಂಟೆ ಸಾರುವೆಯ ಮೇಲೆ ನಿಂತರೆ ಮಂಡಿ ಹಿಡಿಯುತ್ತದೆ. ಹತ್ತು ತಿಂಗಳು ಎಲ್ಲೂ ನಿಲ್ಲದೆ, ಯಾವ ಯಾವ ಸಮುದ್ರವನ್ನೋ ದಾಟಿ, ಇಡೀ ಭೂಮಿಯ ಮೇಲೆ ಒಂದು ಬೊಗಸೆಯಷ್ಟು ಜಾಗವನ್ನು ನೆನಪಿಟ್ಟುಕೊಂಡು ಬಂದ ಜೀವಕ್ಕೆ ಬಾಗಿಲು ಹಾಕಿಬಿಟ್ಟೆನಲ್ಲ ಎಂದು ತಟ್ಟೆ ಸರಿಸಿ ಎದ್ದರು. ಬೆಳಿಗ್ಗೆ ಉಳಿ ಹಿಡಿದು ಹೋಗುವಷ್ಟರಲ್ಲಿ ಸಾರುವೆ ಬಿಚ್ಚಿದ್ದರು. ಸಂಜೆಯ ತನಕ ಕಾದರೂ ಹಕ್ಕಿ ಬರಲಿಲ್ಲ.

ಎರಡು ದಿನ ಬಿಟ್ಟು ಅವರೇ ಟೀಚರ್ ಮನೆಯ ಬಾಗಿಲು ತಟ್ಟಿದರು. ಟೀಚರ್ ನೋಟ್‌ಬುಕ್ಕು ಮುಂದಿಟ್ಟರು. ನಲವತ್ತು ವರ್ಷದ ಲೆಕ್ಕ ಅದರಲ್ಲಿತ್ತು. ಯಾವ ಬೀದಿಯ ಯಾವ ಗೋಡೆಯಲ್ಲಿ ಎಷ್ಟು ಗೂಡು, ಯಾವ ವರ್ಷ ಅವು ನಿಂತುಹೋದವು. ಹಳೆ ಅಂಚೆ ಕಚೇರಿ, ಐದು ಗೂಡು, ಆಮೇಲೆ ಸೊನ್ನೆ. ಗಡಿಯಾರದಂಗಡಿಯ ಓಣಿ, ಹನ್ನೊಂದು, ಆಮೇಲೆ ಸೊನ್ನೆ. ಮೇಸ್ತ್ರಿ ಬೆರಳಿಟ್ಟು ಓದುತ್ತ ಹೋದರು. ಅಂಚೆ ಕಚೇರಿ ಅವರು ಮದುವೆಯಾದ ವರ್ಷ ಮಾಡಿದ ಕೆಲಸ. ಗಡಿಯಾರದಂಗಡಿ ಮಗಳು ಹುಟ್ಟಿದ ವರ್ಷದ್ದು. ಸೊನ್ನೆ ಬಂದಲ್ಲೆಲ್ಲ ಅವರ ಕರಣೆ ಹೋಗಿಬಂದಿತ್ತು. ಟೀಚರ್ ತಮಗೇ ಗೊತ್ತಿಲ್ಲದೆ ಮೇಸ್ತ್ರಿಯ ಜೀವನ ಚರಿತ್ರೆ ಬರೆದಿಟ್ಟಿದ್ದರು.

"ಈಗ ಎಷ್ಟು ಉಳಿದಿವೆ?" ಎಂದು ಮೇಸ್ತ್ರಿ ಕೇಳಿದರು.

"ಒಂಬತ್ತು ಜೋಡಿ. ಎಲ್ಲಾ ಆ ಹಳೆ ರೈಲು ಗೋದಾಮಿನ ಗೋಡೇಲಿ. ಮುಂದಿನ ವರ್ಷ ಮರಿಗಳು ಹಾರಿಹೋದ್ಮೇಲೆ ಗೋದಾಮು ಕೆಡವ್ತಾರೆ. ಅಷ್ಟರೊಳಗೆ ಒಂದಾದ್ರೂ ಜೋಡಿ ಬೇರೆ ಕಡೆ ಮರಿ ಮಾಡಿ ಹಾರಿಸ್ಬೇಕು. ಒಂದು ಜೋಡಿ ನೆಲೆ ನಿಂತ್ರೆ ಅದನ್ನ ನೋಡಿ ಉಳಿದವೂ ಬರ್ತವೆ. ಇಲ್ಲಾಂದ್ರೆ ನಮ್ಮ ಈ ಬೀದಿಗಳಿಗೆ ಅವುಗಳ ಋಣ ತೀರಿತು ಅಂತಲೇ."

ಹೀಗೆ ಮೇಸ್ತ್ರಿ ಭಾನುವಾರದವರ ಗುಂಪಿಗೆ ಸೇರಿದರು. ಭಾನುವಾರದವರು ಅಂದರೆ, ಪ್ರತಿ ಭಾನುವಾರ ಸಂಜೆ ರಸ್ತೆಯಲ್ಲಿ ನಿಂತು ಆಕಾಶ ನೋಡುವ ಹತ್ತಾರು ಮಂದಿ. ಸುತ್ತಲಿನವರು ಇಟ್ಟ ಹೆಸರು ಅದು, ಅದರಲ್ಲಿ ಗೌರವಕ್ಕಿಂತ ಲೇವಡಿಯೇ ಹೆಚ್ಚು. ಟೀಚರ್ ಬಿಟ್ಟರೆ ಅದರಲ್ಲಿ ಮುಖ್ಯರು ಇಬ್ಬರು. ಒಬ್ಬಳು ಅಂಚೆ ಹಂಚುವವಳು, ಎಲ್ಲರ ಬಾಯಲ್ಲೂ ಅಂಚೆಯಕ್ಕ. ಯಾವ ಮನೆಯ ಗೋಡೆ ಎಲ್ಲಿ ಒಡೆದಿದೆ ಎನ್ನುವುದು ಮನೆಯವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಇನ್ನೊಬ್ಬ ಲಿಫ್ಟ್ ರಿಪೇರಿಯವನು, ಎತ್ತರದ ಭಯವಿಲ್ಲದವನು, ಕೈಗೆ ಸಿಕ್ಕಿದ್ದರಿಂದ ಏನಾದರೊಂದು ಮಾಡಿಕೊಡುವವನು. ಇವರ ನಡುವೆ ಗೋಡೆಯ ಒಳಗನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಮೇಸ್ತ್ರಿ ಬಂದದ್ದು ಹಸಿದವನಿಗೆ ಅನ್ನ ಸಿಕ್ಕಂತಾಯಿತು.

"ಜೀವಮಾನವೆಲ್ಲಾ ತೂತು ಮುಚ್ಚಿದ್ದಾಯ್ತು, ಈಗ ತೂತು ಕೊರೆಯೋ ಕೆಲ್ಸವೋ? ನಾಳೆ ನಾನೂ ಹೊಲಿಗೆ ಬಿಚ್ಚಿದ ಪ್ಯಾಂಟನ್ನೇ ಗಿರಾಕಿಗೆ ಕೊಡ್ತೀನಿ, ಗಾಳಿ ಬರುತ್ತೆ ಅಂತ" ಎಂದಳು ಹೆಂಡತಿ.

ಗ್ರಂಥಾಲಯದವರು ತಮ್ಮ ಮೂರನೆಯ ಮಹಡಿಯ ಪಕ್ಕದ ಗೋಡೆ ಕೊಟ್ಟರು. ಅದರ ಹಿಂದೆ ಹಳೆ ಪತ್ರಿಕೆಗಳನ್ನು ಪೇರಿಸಿದ ಅಟ್ಟ. ಮೇಸ್ತ್ರಿ ಗೋಡೆಯ ದಪ್ಪದಲ್ಲೇ ಹದಿನಾರು ಗೂಡು ಕೊರೆದರು. ಪ್ರತಿಯೊಂದೂ ಮೊಣಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ. ಹೊರಗಿನಿಂದ ಕಾಣುವುದು ಎರಡು ಬೆರಳು ಎತ್ತರ, ನಾಲ್ಕು ಬೆರಳು ಅಗಲದ ಸೀಳು ಮಾತ್ರ, ಅದೂ ಗೂಡಿನ ತಳದಿಂದ ನಾಲ್ಕು ಬೆರಳು ಮೇಲೆ. ಹಿಂದುಗಡೆ ಅಟ್ಟದ ಕಡೆಯಿಂದ ತೆಗೆದು ನೋಡಲು ಲಿಫ್ಟಿನವನು ಪುಟ್ಟ ಮರದ ಬಾಗಿಲುಗಳನ್ನು ಕೂರಿಸಿಕೊಟ್ಟ.

ಟೀಚರ್ ಕೊಟ್ಟ ನಕ್ಷೆಯಲ್ಲಿ ಎಲ್ಲ ಅಳತೆಗಳ ಕೆಳಗೆ ಒಂದು ಸಾಲಿತ್ತು, 'ಒಳಗೆ ಒರಟಾಗಿಯೇ ಇರಲಿ.' ಮೇಸ್ತ್ರಿಗೆ ಅದನ್ನು ಓದಿ ಮುಖ ಗಂಟಾಯಿತು. ಹಕ್ಕಿ ತಾನೇ, ಹೇಗೋ ಒಂದು ಮಾಡಿ ಎನ್ನುವ ಹಳೆಯ ಮಾತೇ ಇದು, ಅಕ್ಷರ ಬೇರೆ ಅಷ್ಟೆ ಎಂದುಕೊಂಡರು. ಅಷ್ಟು ದೂರದಿಂದ ಬರುವ ಜೀವಕ್ಕೆ ಒರಟು ಗೋಡೆಯೇ? ಯಾರಿಗೂ ಹೇಳದೆ, ಒಂದು ವಾರ ಪೂರ್ತಿ ಅಟ್ಟದಲ್ಲಿ ಹೊಟ್ಟೆಯ ಮೇಲೆ ಮಲಗಿ ಹದಿನಾರೂ ಗೂಡುಗಳ ಒಳಮೈಗೆ ಸಿಮೆಂಟಿನ ಹಾಲು ಸವರಿ ಉಜ್ಜಿದರು. ಕರಣೆ ಒಳಗೆ ಹಿಡಿಸಲಿಲ್ಲ, ಮನೆಯ ದೊಡ್ಡ ಚಮಚವನ್ನು ಬಾಗಿಸಿಕೊಂಡು ಅದರ ಬೆನ್ನಿನಿಂದ ಉಜ್ಜಿದರು. ಸಾರು ಬಡಿಸಲು ಚಮಚ ಸಿಗದೆ ಹೆಂಡತಿ ಮನೆಯೆಲ್ಲ ಹುಡುಕಾಡಿದಳು. ಕೊನೆಯ ಗೂಡಿನೊಳಗೆ ಟಾರ್ಚು ಬಿಟ್ಟು ನೋಡಿದಾಗ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ನಲವತ್ತು ವರ್ಷದಲ್ಲಿ ಅಷ್ಟು ಚೆನ್ನಾದ ಕೆಲಸ ಮಾಡಿರಲಿಲ್ಲ ಎಂದು ಅವರಿಗೆ ತುಂಬ ಸಂತೋಷವಾಯಿತು.

ಮರುವರ್ಷ ಬೇಸಿಗೆಯ ಮೊದಲಲ್ಲಿ ಹಕ್ಕಿಗಳು ಗೋದಾಮಿಗೆ ಬಂದವು. ಲಿಫ್ಟಿನವನು ಗ್ರಂಥಾಲಯದ ಕಿಟಕಿಯಲ್ಲಿ ಒಂದು ಸ್ಪೀಕರ್ ಇಟ್ಟು ಅವುಗಳದೇ ಕೂಗನ್ನು ದಿನವಿಡೀ ಹಾಕಿದ. ಓದಲು ಬಂದವರು ಶಾಪ ಹಾಕಿದರು. ಇಪ್ಪತ್ತೊಂದು ದಿನ ಆ ಗೋಡೆಯ ಕಡೆ ಒಂದು ಹಕ್ಕಿಯೂ ತಿರುಗಿ ನೋಡಲಿಲ್ಲ.

ಇಪ್ಪತ್ತೆರಡನೆಯ ದಿನ ಸಂಜೆ ಮೇಸ್ತ್ರಿ ಎದುರಿನ ಕಾಲುದಾರಿಯಲ್ಲಿ ನಿಂತಿದ್ದರು. ಬೀದಿಯ ಆ ತುದಿಯಿಂದ ಒಂದು ಹಕ್ಕಿ ಬಂತು. ಎಷ್ಟು ವೇಗವೆಂದರೆ, ಅದು ಗೋಡೆಗೆ ಬಡಿದು ಚೂರಾಗುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡರು. ಸದ್ದೇ ಇಲ್ಲ. ಕಣ್ಣು ಬಿಟ್ಟರೆ ಹಕ್ಕಿಯೂ ಇಲ್ಲ. ಎರಡು ಬೆರಳಿನ ಸೀಳಿನೊಳಗೆ, ವೇಗ ಒಂದಿಷ್ಟೂ ಕಡಿಮೆ ಮಾಡದೆ ಅದು ಹೊಕ್ಕಿತ್ತು. ದಾರವನ್ನು ಸೂಜಿಗೆ ಪೋಣಿಸಲು ಮನುಷ್ಯ ಉಸಿರು ಬಿಗಿಹಿಡಿಯುತ್ತಾನೆ. ಇದು ಓಡಿಬಂದು ಪೋಣಿಸಿತು. ರಸಮಟ್ಟ, ತೂಗುಗುಂಡು, ಅಳತೆಪಟ್ಟಿ ಹಿಡಿದೇ ಮುದುಕರಾದ ಮೇಸ್ತ್ರಿ ಅಲ್ಲೇ ಇದ್ದ ಯಾರದೋ ಸೈಕಲ್ಲು ಹಿಡಿದುಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಲು ಹೋದರೆ ಮಾತೇ ಹೊರಡಲಿಲ್ಲ, ಬರೀ ಕೈಯಲ್ಲಿ ತೋರಿಸಿದರು.

"ನಲವತ್ತು ವರ್ಷದಲ್ಲಿ ಇದೇ ಮೊದ್ಲು ನಿಮ್ಮ ಬಾಯಿಗೆ ಬೀಗ ಬಿದ್ದಿದ್ದು. ಆ ಹಕ್ಕೀನ ನಾನೂ ನೋಡ್ಬೇಕು" ಎಂದಳು ಅವಳು.

ಒಂದೇ ಜೋಡಿ ಬಂದದ್ದು. ಗಾಳಿಯಲ್ಲಿ ತೇಲುವ ಗರಿ, ಹುಲ್ಲುಕಡ್ಡಿ, ಕಾಗದದ ಚೂರು ಹಾರುತ್ತಲೇ ಹಿಡಿದು ತಂದು, ತಮ್ಮ ಜೊಲ್ಲಿನಿಂದಲೇ ಅಂಟಿಸಿ ಗೂಡಿನ ಮೂಲೆಯಲ್ಲಿ ಸಣ್ಣ ಬಟ್ಟಲು ಮಾಡಿದವು. "ನನಗಿಂತ ಒಳ್ಳೆ ಗಾರೆ ಕೆಲಸ" ಎಂದು ಮೇಸ್ತ್ರಿ ಒಪ್ಪಿಕೊಂಡರು. ಅವರು ಇನ್ನೊಬ್ಬರ ಗಾರೆಯನ್ನು ಹೊಗಳಿದ್ದು ಅದೊಂದೇ ಸಲ. ಮೊಟ್ಟೆ ಎರಡು, ಮರಿ ಎರಡು. ಭಾನುವಾರದವರು ಸರದಿಯ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಆರು ವಾರಕ್ಕೆ ಮರಿ ಹೊರಡುತ್ತದೆ ಎಂದು ಟೀಚರ್ ದಿನ ಗುರುತು ಹಾಕಿಟ್ಟಿದ್ದರು.

ಆರು ವಾರವಾಯಿತು. ಏಳಾಯಿತು. ಗೋದಾಮಿನ ಮರಿಗಳೆಲ್ಲ ಹೊರಟವು. ಈ ಸೀಳಿನಲ್ಲಿ ಒಂದು ಕೊಕ್ಕೂ ಕಾಣಲಿಲ್ಲ.

"ಏನೋ ಆಗಿದೆ" ಎಂದರು ಟೀಚರ್. ಅವರ ಮುಖ ಬಿಳಿಚಿತ್ತು. "ಇನ್ನು ಹತ್ತು ದಿನಕ್ಕೆ ದೊಡ್ಡವು ದಕ್ಷಿಣಕ್ಕೆ ಹೊರಡ್ತವೆ. ಆಮೇಲೆ ತಿನ್ನಿಸೋರು ಯಾರೂ ಇರಲ್ಲ."

ಮೇಸ್ತ್ರಿ ಅಟ್ಟಕ್ಕೆ ಹೋಗಿ ಗೂಡಿನ ಹಿಂಬಾಗಿಲಿಗೆ ಕಿವಿ ಹಚ್ಚಿದರು. ಒಳಗಿನಿಂದ ಸಣ್ಣ ಸದ್ದು ಕೇಳಿತು. ಪರಪರ ಎಂದು ಉಗುರು ಎಳೆದಂತೆ, ಆಮೇಲೆ ಸರ್ರನೆ ಜಾರಿದಂತೆ. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಪರಪರ, ಮತ್ತೆ ಸರ್ರ್. ಗೋಡೆಗೆ ಕಿವಿ ಇದೆ ಎನ್ನುತ್ತಾರೆ, ಆ ಗೋಡೆಗೆ ಬಾಯಿಯೂ ಇತ್ತು. ಆ ಸದ್ದು ಏನೆಂದು ಊರಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವರಿಗೆ ತಿಳಿಯಿತು. ತಮ್ಮ ನುಣುಪಿನ ಮೇಲೆ ಏನೂ ನಿಲ್ಲುವುದಿಲ್ಲ ಎಂದು ಗಿರಾಕಿಗಳಿಗೆ ಅವರೇ ಎಷ್ಟು ಸಲ ಹೇಳಿದ್ದರು! ದೊಡ್ಡ ಹಕ್ಕಿಗಳು ಹಾರಿಬಂದ ರಭಸದಲ್ಲಿ ಹೇಗೋ ಅಂಚು ಹಿಡಿದು ಹೋಗಿಬರುತ್ತಿದ್ದವು. ಮರಿಗಳು ತಳದಿಂದ ನಾಲ್ಕು ಬೆರಳು ಹತ್ತಲಾರದೆ ಜಾರಿ ಜಾರಿ ಬೀಳುತ್ತಿದ್ದವು.

ಅವರು ಕೆಳಗಿಳಿದು ಬಂದು ಎಲ್ಲರ ಮುಂದೆ ನಿಂತರು.

"ತಪ್ಪು ನಂದು ಟೀಚರೇ. ಒಳಗೆಲ್ಲಾ ನಾನು ನುಣುಪು ಮಾಡ್ಬಿಟ್ಟಿದೀನಿ. ಚಮಚದಲ್ಲಿ ಉಜ್ಜಿ."

ಟೀಚರ್ ಕನ್ನಡಕ ತೆಗೆದರು. "ಒರಟಾಗಿರಲಿ ಅಂತ ಬರೆದಿದ್ದೆನಲ್ಲ ಮೇಸ್ತ್ರಿಗಳೇ?"

"ಬರೆದಿದ್ರಿ. ಹಕ್ಕಿ ತಾನೇ, ಹೇಗೋ ಒಂದು ಮಾಡಿ ಅಂತಿದೀರಿ ಅನ್ಕೊಂಡೆ. ಹಾಗೆ ಮಾಡಿ ನನಗೆ ಅಭ್ಯಾಸ ಇಲ್ಲ. ಅವಕ್ಕೆ ಚೆನ್ನಾಗಿರೋದು ಕೊಡ್ಬೇಕು ಅನ್ನಿಸ್ತು, ಅಷ್ಟೇ."

ಯಾರೂ ಬೈಯಲಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುವ ಗಾದೆ ಅಂಚೆಯಕ್ಕನ ನಾಲಿಗೆಯ ತುದಿಗೆ ಬಂದಿತ್ತಂತೆ, ಮೇಸ್ತ್ರಿಯ ಮುಖ ನೋಡಿ ನುಂಗಿಕೊಂಡಳಂತೆ. ಯೋಚಿಸಲು ಹೊತ್ತಿರಲಿಲ್ಲ. ಉಳಿ ಸುತ್ತಿಗೆ ಆಗದು, ಮರಿಗಳು ಬೆದರುತ್ತವೆ. ಹೊಸ ಗಾರೆ ಆಗದು, ಹಸಿ ಸಿಮೆಂಟು ಮೈ ಸುಡುತ್ತದೆ. ಉಳಿದದ್ದು ಒಂದೇ, ಕೈಯಿಂದ ಗೀರುವುದು.

ಮಾರನೆಯ ಬೆಳಿಗ್ಗೆ ದೊಡ್ಡ ಹಕ್ಕಿಗಳೆರಡೂ ಹೊರಟ ಮೇಲೆ ಮೇಸ್ತ್ರಿ ಒಂದು ದಪ್ಪ ಮೊಳೆ ಹಿಡಿದು ಅಟ್ಟದಲ್ಲಿ ಹೊಟ್ಟೆಯ ಮೇಲೆ ಮಲಗಿದರು. ಹೆಂಡತಿ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ಕೂತಳು, ಉದುರುವ ಪುಡಿ ಒರೆಸಲು. ಅಂಚೆಯಕ್ಕ ಕೆಳಗೆ ಬೀದಿಯಲ್ಲಿ ಸೀಟಿ ಹಿಡಿದು ನಿಂತಳು. ಹಕ್ಕಿ ಬಂದರೆ ಊದಬೇಕು.

ಮರದ ಬಾಗಿಲು ಸರಿಸಿದರು. ಎರಡು ಜೊತೆ ಕಣ್ಣು ಅವರನ್ನೇ ನೋಡಿದವು. ದುಂಡಗೆ, ಕಪ್ಪಗೆ, ಆಳವಾಗಿ. ಹೆದರಿಕೆಯೇ ಇರಲಿಲ್ಲ, ಏಕೆಂದರೆ ಅವು ಹುಟ್ಟಿದಾಗಿನಿಂದ ಕಂಡದ್ದು ನಾಲ್ಕು ಬಿಳಿ ಗೋಡೆ ಮಾತ್ರ. ರೆಕ್ಕೆಗಳು ಮೈಯನ್ನು ಮೀರಿ ಬೆಳೆದು ಬೆನ್ನ ಹಿಂದೆ ಕತ್ತರಿಯಂತೆ ಒಂದರ ಮೇಲೊಂದು ಮಲಗಿದ್ದವು. ಮೇಸ್ತ್ರಿ ನೋಡುತ್ತಿದ್ದಂತೆಯೇ ಒಂದು ಮರಿ ಎರಡೂ ರೆಕ್ಕೆಗಳನ್ನು ತಳಕ್ಕೆ ಊರಿ, ಮೈಯನ್ನು ಪೂರ್ತಿ ಮೇಲೆತ್ತಿ, ನಡುಗುತ್ತ ನಿಂತಿತು. ಎಣಿಸುತ್ತಿದ್ದಂತೆ ಹತ್ತಾಯಿತು. ಮೆಲ್ಲಗೆ ಇಳಿಯಿತು. ಮತ್ತೆ ಎತ್ತಿತು.

"ಏನ್ರೀ ಅದು, ಕಸರತ್ತು ಮಾಡ್ತಿದೆಯಲ್ರೀ!" ಹೆಂಡತಿ ಪಿಸುಗುಟ್ಟಿದಳು.

"ತೂಕ ನೋಡ್ಕೊಳ್ತಿದೆ. ತನ್ನನ್ನ ತಾನು ಎತ್ತೋಕಾಗುತ್ತೋ ಇಲ್ವೋ ಅಂತ."

ಆಕಾಶವೆಂದರೆ ಏನೆಂದು ಕಂಡಿರದ ಜೀವ, ಕತ್ತಲೆಯ ಪೆಟ್ಟಿಗೆಯೊಳಗೆ ಕೂತು ಆಕಾಶಕ್ಕೆ ತಯಾರಾಗುತ್ತಿತ್ತು. ಹೇಳಿಕೊಟ್ಟವರು ಯಾರು? ಮೇಸ್ತ್ರಿಯ ಕಣ್ಣು ತುಂಬಿ ಬಂತು. ಮೊಳೆಯನ್ನು ಸೀಳಿನ ಕೆಳಗೆ ಒತ್ತಿ ಅಡ್ಡಲಾಗಿ ಎಳೆದರು. ತಮ್ಮ ಕೈಯ ನುಣುಪಿಗೆ ತಾವೇ ಹಾಕಿದ ಮೊದಲ ಗೀರು. ಎರಡನೆಯದು ಅದರ ಕೆಳಗೆ. ಎಡಗೈಯನ್ನು ಮರಿಗಳಿಗೂ ಗೋಡೆಗೂ ನಡುವೆ ಅಡ್ಡ ಹಿಡಿದು, ಪುಡಿ ಅವುಗಳ ಮೇಲೆ ಬೀಳದಂತೆ ಗೀರಿದರು.

ಅರ್ಧ ಕೆಲಸ ಮುಗಿದಿತ್ತು, ಕೆಳಗೆ ಸೀಟಿ ಕೇಳಿತು. ಕೈ ತೆಗೆಯುವಷ್ಟು ಹೊತ್ತೂ ಸಿಗಲಿಲ್ಲ. ಸೀಳು ಕಪ್ಪಾಯಿತು, ಗಾಳಿ ಬಡಿಯಿತು, ದೊಡ್ಡ ಹಕ್ಕಿ ಒಳಗಿತ್ತು. ಮೇಸ್ತ್ರಿ ಕಲ್ಲಾದರು. ಹಕ್ಕಿ ಅವರ ಕೈಯನ್ನು ನೋಡಿತು. ಅದರ ಗಂಟಲು ಉಬ್ಬಿತ್ತು, ನೂರಾರು ಸಣ್ಣ ಹುಳುಗಳನ್ನು ಉಂಡೆ ಮಾಡಿ ತಂದಿತ್ತು. ಒಂದು ಕ್ಷಣ ಯೋಚಿಸಿದಂತೆ ಕಂಡಿತು. ಆಮೇಲೆ ಅವರ ಬೆರಳ ಗೆಣ್ಣುಗಳ ಮೇಲೆಯೇ ಹಾದು ಹೋಗಿ, ಎರಡೂ ಮರಿಗಳ ಬಾಯಿಗೆ ಕೊಟ್ಟು, ಮತ್ತೆ ಅದೇ ಗೆಣ್ಣುಗಳನ್ನು ತುಳಿದು ಸೀಳಿನಿಂದ ಹೊರಗೆ ಬಿದ್ದು ಹೋಯಿತು. ಅದರ ತೂಕವೇ ತಿಳಿಯಲಿಲ್ಲ, ಉಗುರು ತಾಗಿದ್ದಷ್ಟೇ ತಿಳಿಯಿತು. ಮೇಸ್ತ್ರಿ ಮತ್ತೆ ಮೊಳೆ ಒತ್ತಿ ಉಳಿದರ್ಧವನ್ನೂ ಗೀರಿ ಮುಗಿಸಿದರು.

ಮೂರನೆಯ ದಿನ ಮೊದಲ ಮರಿ ಸೀಳಿನಲ್ಲಿ ಮುಖ ತೋರಿಸಿತು. ಅರ್ಧ ದಿನ ಹಾಗೇ ನೋಡುತ್ತ ಕೂತು, ಮಧ್ಯಾಹ್ನದ ಮೇಲೆ ಹೊರಗೆ ಬಿದ್ದಿತು. ಒಂದು ಮಹಡಿಯಷ್ಟು ನೇರ ಕೆಳಗೆ. ನಿಂತವರೆಲ್ಲ ಚೀರಿದರು. ರೆಕ್ಕೆ ಬಿಚ್ಚಿಕೊಂಡಿತು, ಬೀದಿಯುದ್ದಕ್ಕೂ ಜನರ ತಲೆಯ ಮೇಲೆ ಹಾದು, ಮನೆಗಳ ಮೇಲಕ್ಕೆ ಎದ್ದು, ಇನ್ನೂ ಮೇಲಕ್ಕೆ ಹೋಯಿತು. ಕಲಿತದ್ದಿಲ್ಲ, ಅಭ್ಯಾಸ ಮಾಡಿದ್ದಿಲ್ಲ. "ಇನ್ನು ಎರಡು ಮೂರು ವರ್ಷ ಅದು ಎಲ್ಲೂ ಇಳಿಯಲ್ಲ" ಎಂದರು ಟೀಚರ್. ಅಂಚೆಯಕ್ಕ ಅಂಚೆ ಚೀಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟಳು.

ಮುಂದಿನ ವರ್ಷದ ಮಾತನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಗೋದಾಮು ಬಿತ್ತು. ಹಕ್ಕಿಗಳು ಬಂದು ಬಯಲಾದ ಆ ಜಾಗದ ಮೇಲೆ ಎರಡು ದಿನ ಸುತ್ತಿದವು. ಆಮೇಲೆ ಈ ಜೋಡಿಯ ಹಿಂದೆ ಗ್ರಂಥಾಲಯದ ಗೋಡೆಗೆ ಬಂದವು. ಅಷ್ಟರಲ್ಲಿ ಮೇಸ್ತ್ರಿ ಹದಿನಾರನ್ನೂ ಗೀರಿ ಇಟ್ಟಿದ್ದರು. ಏಳು ತುಂಬಿದವು. ಆದರೆ ಇದೆಲ್ಲ ನಮಗೆ ಗೊತ್ತಿರುವುದು. ಆ ವಾರ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ, ಎರಡನೆಯ ಮರಿ ಇನ್ನೂ ಒಳಗಿತ್ತು.

ಅದು ಸಣ್ಣದು. ಜಾರಿ ಜಾರಿ ಅದರ ಉಗುರು ಮೊಂಡಾಗಿತ್ತು. ದೊಡ್ಡ ಹಕ್ಕಿಗಳು ಬರುವುದು ದಿನಕ್ಕೆ ಎರಡು ಸಲಕ್ಕೆ ಇಳಿಯಿತು, ಆಮೇಲೆ ಒಂದು ಸಲಕ್ಕೆ. ಒಂದು ದಿನ ಬರಲೇ ಇಲ್ಲ. ಮೇಸ್ತ್ರಿ ಕೆಲಸಕ್ಕೆ ಹೋ‌ಗುವುದು ಬಿಟ್ಟು ಗೋಡೆಯ ಕೆಳಗೆ ಕೂತರು. ಹೆಂಡತಿ ಹೊಲಿಯುವ ಬಟ್ಟೆಗಳನ್ನು ಅಲ್ಲಿಗೇ ತಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಅಂಚು ಮಡಿಸಿ ಕೈಹೊಲಿಗೆ ಹಾಕತೊಡಗಿದಳು. ಗೇಲಿ ಮಾಡುವುದನ್ನು ಅವಳು ಎಂದೋ ಬಿಟ್ಟಿದ್ದಳು.

"ನನ್ನಿಂದಲೇ ಸಾಯುತ್ತೆ ಕಣೇ ಅದು" ಎಂದರು ಮೇಸ್ತ್ರಿ.

"ಇನ್ನೂ ಸತ್ತಿಲ್ವಲ್ಲ. ಸುಮ್ನಿರಿ."

ಮಾರನೆಯ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸೀಳಿನಲ್ಲಿ ಮುಖ ಕಂಡಿತು. ಹೆಚ್ಚು ಹೊತ್ತು ನೋಡಲೂ ಇಲ್ಲ, ಬಿದ್ದಿತು. ಒಂದು ಮಹಡಿ, ಎರಡು ಮಹಡಿ. ರೆಕ್ಕೆ ಬಿಚ್ಚಿತು, ಹಿಡಿತ ಸಿಗಲಿಲ್ಲ, ಕೆಳಗಿನ ಅಂಗಡಿಯ ಬಟ್ಟೆಯ ಚಾವಣಿಗೆ ಬಡಿದು, ಜಾರಿ, ಹೆಂಡತಿ ಓಡಿಹೋಗಿ ಹಿಡಿದ ಯಾರದೋ ಹೊಲಿಯದ ಅಂಗಿಯ ಮೇಲೆ ಬಂದು ಬಿತ್ತು.

ಟೀಚರ್ ಗುಂಪಿನವರಿಗೆಲ್ಲ ಹೇಳಿಕೊಟ್ಟಿದ್ದರು. ನೆಲದಿಂದ ಅದು ತಾನಾಗಿ ಏಳಲಾರದು, ಕಾಲು ಚಿಕ್ಕದು. ಎತ್ತಿ ಎಸೆಯಲೂ ಬಾರದು. ಬಯಲಿರುವ ಎತ್ತರದ ಜಾಗದಲ್ಲಿ ಅಂಗೈ ಮೇಲೆ ಇಟ್ಟುಕೊಂಡು ಕೈ ಮೇಲೆ ಹಿಡಿಯಬೇಕು. ಹೋಗುವುದು ಬಿಡುವುದು ಅದರ ಇಷ್ಟ.

ಮೂರು ಮಹಡಿ ಹತ್ತಿ ತಾರಸಿಗೆ ಹೋದರು. ಹೆಂಡತಿ ಅಂಗಿಯನ್ನು ಬಿಚ್ಚಿ ಮರಿಯನ್ನು ಗಂಡನ ಅಂಗೈಗೆ ಇಟ್ಟಳು. ಸುಣ್ಣ, ಸಿಮೆಂಟು ತಿಂದು ನಲವತ್ತು ವರ್ಷದಿಂದ ಬಿರುಕು ಬಿಟ್ಟ ಅಂಗೈ ಅದು. ಇಡೀ ಊರಿನ ಗೋಡೆಗಳನ್ನು ನುಣುಪು ಮಾಡಿದ ಮನುಷ್ಯನ ಕೈಯಲ್ಲಿ ನುಣುಪು ಎಳ್ಳಷ್ಟೂ ಇರಲಿಲ್ಲ. ಮರಿ ಒಂದು ಸಲ ತಡಕಾಡಿತು. ಮೊಂಡಾದ ಉಗುರುಗಳು ಬಿರುಕುಗಳಲ್ಲಿ ಸಿಕ್ಕಿ ಗಟ್ಟಿಯಾಗಿ ಹಿಡಿದುಕೊಂಡವು. ಅಂಥ ಹಿಡಿತ ಅದರ ಕಾಲಿಗೆ ಸಿಕ್ಕಿದ್ದು ಜೀವಮಾನದಲ್ಲಿ ಅದೇ ಮೊದಲು.

ಮೇಸ್ತ್ರಿ ಕೈ ಮೇಲೆತ್ತಿದರು. ಐದು ನಿಮಿಷವಾಯಿತು, ಹತ್ತಾಯಿತು. ಮರಿ ಆಕಾಶವನ್ನು ನೋಡುತ್ತ ಕೂತಿತ್ತು. ತೋಳು ನೋಯತೊಡಗಿತು. ಇಳಿಸಲಿಲ್ಲ. ಆಮೇಲೆ ಅಂಗೈಯಲ್ಲಿ ಒಂದು ನಡುಕ ಹುಟ್ಟಿತು, ತಮ್ಮದೋ ಅದರದೋ ತಿಳಿಯದು. ನಡುಕ ಹೆಚ್ಚಾಯಿತು. ಉಗುರುಗಳು ಒಂದು ಕ್ಷಣ ಚರ್ಮಕ್ಕೆ ಚುಚ್ಚಿದವು, ಮರುಕ್ಷಣ ಅಂಗೈ ಬರಿದಾಯಿತು. ಮರಿ ತಾರಸಿಯ ಅಂಚಿನವರೆಗೂ ತಗ್ಗಿ ಹೋಗಿ, ಗಾಳಿಯನ್ನು ಹಿಡಿದು, ಎದ್ದಿತು. ನೀರಿನ ಟ್ಯಾಂಕುಗಳ ಮೇಲೆ, ಹೊಗೆ ಕೊಳವೆಗಳ ಮೇಲೆ, ಅದಕ್ಕೂ ಮೇಲೆ. ಇನ್ನು ಸಮುದ್ರ, ಮರಳುಗಾಡು, ಮೋಡಗಳ ಮೇಲಿನ ನಿದ್ದೆ. ಎರಡು ಮೂರು ವರ್ಷ ಅದು ಏನನ್ನೂ ಮುಟ್ಟುವುದಿಲ್ಲ. ಅದು ಕೊನೆಯದಾಗಿ ಮುಟ್ಟಿ ಹೋದ ನೆಲ ಈ ಕೈ.

"ಕೈ ಇಳಿಸ್ರೀ, ಹೋಯ್ತು" ಎಂದಳು ಹೆಂಡತಿ.

"ಇರು. ಇನ್ನೂ ಕಾಣ್ತಿದೆ."

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಕಾಶದಲ್ಲಿ ಏನೂ ಇರಲಿಲ್ಲ. ಅವಳು ಹತ್ತಿರ ಬಂದು, ಇನ್ನೂ ಮೇಲೆತ್ತಿದ್ದ ಗಂಡನ ಮೊಣಕೈಗೆ ತನ್ನ ಕೈ ಆನಿಸಿ ಹಿಡಿದು ನಿಂತಳು.